ಗವರ್ನರ್ ಕಿತ್ತ ಕಂಪ್ಯೂಟರು

ಹುಮನಾಬಾದಿನ ಬಸವಣಪ್ಪ ಮೂವತ್ತೊಂದು ವರ್ಷ ಸರ್ಕಾರಿ ಬಸ್ಸು ಓಡಿಸಿದವನು. ಅದರಲ್ಲಿ ಹತ್ತೊಂಬತ್ತು ವರ್ಷ ಒಂದೇ ರೂಟು: ಹುಮನಾಬಾದಿನಿಂದ ಬಸವಕಲ್ಯಾಣ, ಬಸವಕಲ್ಯಾಣದಿಂದ ಹುಮನಾಬಾದ್. ಓಡಿಸಿದ ದೂರವನ್ನೆಲ್ಲ ಕೂಡಿಸಿದರೆ ಭೂಮಿಯನ್ನು ಹತ್ತಾರು ಸಲ ಸುತ್ತಬಹುದಿತ್ತು. ಈ ಮಹರಾಯ ಮಾತ್ರ ಪ್ರತಿ ಸಲವೂ ಹೊರಟ ಸ್ಟ್ಯಾಂಡಿಗೇ ಬಂದು ನಿಂತ. ಅದರ ಬಗ್ಗೆ ಅವನಿಗೆ ಎಳ್ಳಷ್ಟೂ ಬೇಸರವಿರಲಿಲ್ಲ. ಬೇಸರ ಶುರುವಾದದ್ದು ರಿಟೈರ್ ಆದ ಮೇಲೆ.

ರಿಟೈರ್ ಆದವರು ಏನು ಮಾಡುತ್ತಾರೆ ಹೇಳಿ? ಗುಡಿಯ ಕಟ್ಟೆಗೆ ಕೂತು ಊರವರ ಸೊಸೆಯಂದಿರ ಸುದ್ದಿ ಆಡುತ್ತಾರೆ, ಇಲ್ಲವೇ ಮನೆಯಲ್ಲಿ ಕೂತು ಸಾರಿಗೆ ಉಪ್ಪು ಹೆಚ್ಚಾಯಿತು ಎನ್ನುತ್ತಾರೆ. ಬಸವಣಪ್ಪ ಎರಡನೆಯದನ್ನು ಮೂರು ತಿಂಗಳು ಮಾಡಿದ. ನಾಲ್ಕನೇ ತಿಂಗಳಿಗೆ ಹೆಂಡತಿ ಸೂಗಮ್ಮ ಎರಡೂ ಕೈ ಮುಗಿದಳು.

"ನಿಮಗ ಪುಣ್ಯ ಬರ್ತದ, ಏನರೆ ಓಡಸ್ರಿ. ಬಸ್ ಇಲ್ಲಂದ್ರ ಹಿಟ್ಟಿನ ಗಿರಣಿ ಓಡಸ್ರಿ. ನನ್ನ ಅಡಗಿಮನಿ ಒಂದ ಓಡಸಾಕ ಬರಬ್ಯಾಡ್ರಿ."

ಅದೇ ಹೊತ್ತಿಗೆ ಮನೆಗೆ ಕಂಪ್ಯೂಟರ್ ಬಂತು. ಮಗ ಶರಣಕುಮಾರ ತನ್ನ ಬೀಜ-ಗೊಬ್ಬರದ ಅಂಗಡಿಗೆಂದು ತಂದದ್ದು. ಬಿಡಿಭಾಗ ಕೂಡಿಸಿ ಕಟ್ಟಿದ ಸ್ಥಳೀಯ ಮಾಲಲ್ಲ. ಎದೆಯ ಮೇಲೆ ದೊಡ್ಡ ಹೆಸರಿನ ಬಿಲ್ಲೆ ಹೊಡೆದುಕೊಂಡು ಡಬ್ಬಿಯಲ್ಲಿ ಸೀಲಾಗಿ ಬಂದ ಅಸಲಿ ಕಂಪನಿ ಮಾಲು. ಮಗ ಲ್ಯಾಪ್‌ಟಾಪ್ ಕೊಂಡ ಮೇಲೆ ಇದು ಪಡಸಾಲೆಗೆ ಬಂದು ಕೂತಿತು. ಇದರಲ್ಲಿ ಬಸ್ಸು ಓಡಿಸುವ ಆಟ ಹಾಕಿಕೊಳ್ಳಬಹುದು ಎಂಬುದನ್ನು ಬಸವಣಪ್ಪ ಮೊಬೈಲಿನಲ್ಲಿ ಹಿಂದಿ ವಿಡಿಯೋ ನೋಡಿ ತಾನೇ ಪತ್ತೆ ಹಚ್ಚಿದ. ಆಟದ ಸ್ಟೇರಿಂಗ್ ತರಿಸಿ ಸೂಗಮ್ಮನ ಹಳೆಯ ಹೊಲಿಗೆ ಮಷಿನ್ನಿನ ಮೇಜಿಗೆ ನಟ್ಟು ಬಿಗಿದ. ಬೆಳಿಗ್ಗೆ ಆರಕ್ಕೆ ಏಳುವುದು, ಸ್ನಾನ, ಹಣೆಗೆ ವಿಭೂತಿ, ಸ್ಟೇರಿಂಗಿಗೂ ವಿಭೂತಿ, ಏಳೂವರೆಗೆ ಡ್ಯೂಟಿ. ಮನೆಯಲ್ಲಿ ಶಾಂತಿ ನೆಲೆಸಿತು.

ಆಟದವರು ಕೊಟ್ಟ ರಸ್ತೆ ಮಾತ್ರ ಅವನಿಗೆ ಹಿಡಿಸಲಿಲ್ಲ. ಯಾವುದೋ ಪರದೇಶದ ರಸ್ತೆ. ಗುಂಡಿ ಇಲ್ಲ, ಎಮ್ಮೆ ಇಲ್ಲ, ಸ್ಟಾಪಿಲ್ಲದ ಕಡೆ ಕೈ ಅಡ್ಡ ಹಿಡಿಯುವವರೂ ಇಲ್ಲ. "ಇದೂ ಒಂದ್ ರಸ್ತೇನು? ನಿದ್ದಿ ಬರ್ತದ" ಎಂದ. ಆಟದೊಳಗೇ ರಸ್ತೆ ಕಟ್ಟುವ ಸೌಲಭ್ಯ ಇತ್ತು. ಕೂತ ನೋಡಿ! ಎರಡು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಮನಾಬಾದ್–ಬಸವಕಲ್ಯಾಣ ರಸ್ತೆ ಕಟ್ಟಿದ. ಈಗಿನ ಅಗಲದ ಹೈವೇ ಅಲ್ಲ, ಅದಕ್ಕೂ ಹಿಂದಿನದು. ಎದುರು ಬಸ್ಸು ಬಂದರೆ ಎರಡರ ಕನ್ನಡಿಯೂ ತಿಕ್ಕುತ್ತಿದ್ದ ಆ ಹಳೆಯ ರಸ್ತೆ. ಅಗಲ ಮಾಡುವಾಗ ಕಡಿದು ಹಾಕಿದ ಬೇವು, ಹುಣಸೆ, ಆಲಗಳನ್ನು ಒಂದೊಂದಾಗಿ ನೆನಪು ಮಾಡಿಕೊಂಡು ಅದದೇ ಜಾಗಕ್ಕೆ ನೆಟ್ಟ. ಎರಡು ಸಾವಿರದ ಮುನ್ನೂರು ಮರ! ಸರ್ಕಾರದ ಅರಣ್ಯ ಇಲಾಖೆಗೂ ಅಷ್ಟು ತಾಳ್ಮೆ ಇರಲಿಕ್ಕಿಲ್ಲ.

ಮರ ಹೆಚ್ಚಾದಂತೆ ಕಂಪ್ಯೂಟರಿಗೆ ಏದುಸಿರು ಬಂತು. ಹುಮನಾಬಾದಿನಿಂದ ರಾಜೇಶ್ವರದವರೆಗೆ ಬಸ್ಸು ಸರಾಗವಾಗಿ ಹೋಗುತ್ತಿತ್ತು. ರಾಜೇಶ್ವರ ದಾಟಿ ಮರಗಳು ಕಮಾನು ಕಟ್ಟಿದ ಕಡೆಗೆ ಬಂದದ್ದೇ ತಡ, ಡೀಸೆಲಿನಲ್ಲಿ ಗಾಳಿ ಹಿಡಿದ ಹಾಗೆ ಚಿತ್ರ ಜಗ್ಗಿ ಜಗ್ಗಿ ನಿಲ್ಲುತ್ತಿತ್ತು. ಸ್ಟೇರಿಂಗ್ ಈಗ ತಿರುಗಿಸಿದರೆ ಬಸ್ಸು ಆಮೇಲೆ ತಿರುಗುವುದು, ಅಷ್ಟರಲ್ಲಿ ಹುಣಸೆಮರಕ್ಕೆ ಗುದ್ದಿಯಾಗಿರುತ್ತಿತ್ತು. ರಸ್ತೆ ಕಟ್ಟಿದ ಮೇಲೆ ಒಂದೇ ಒಂದು ಟ್ರಿಪ್ಪೂ ಬಸವಕಲ್ಯಾಣ ಮುಟ್ಟಿರಲಿಲ್ಲ. ಇರಲಿ ಬಿಡು, ಯಾರು ನೋಡುತ್ತಾರೆ ಎಂದು ಬಸವಣಪ್ಪ ಸುಮ್ಮನಿದ್ದ.

ಸುಮ್ಮನಿರಲಾಗದಂತೆ ಮಾಡಿದವನು ಅಬ್ದುಲ್ ಕರೀಂ. ಆ ಹತ್ತೊಂಬತ್ತು ವರ್ಷವೂ ಬಸವಣಪ್ಪನ ಬಸ್ಸಿನ ಕಂಡಕ್ಟರ್ ಇವನೇ. ಮನೆ ಬಸವಕಲ್ಯಾಣ. ರಿಟೈರ್ ಆದ ಮೇಲೂ ತಿಂಗಳಿಗೊಂದು ರವಿವಾರ ಹುಮನಾಬಾದಿಗೆ ಬಂದು, ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಗೆಳೆಯನ ಜೊತೆ ಚಹಾ ಕುಡಿದು, ಈಗಿನ ಡ್ರೈವರು ಕಂಡಕ್ಟರುಗಳನ್ನು ಮನಸಾರೆ ಬೈದು ಹೋಗುತ್ತಿದ್ದ. ಈ ಸಲ ಬೈಗುಳ ಮುಗಿಯುವ ಮುಂಚೆಯೇ ಬೇರೆ ಮಾತು ತೆಗೆದ.

"ಬರೋ ರವಿವಾರ ಹೈದರಾಬಾದಿಗಿ ಹೋಗಾಕತ್ತೇನಿ ಡ್ರೈವರ್ ಸಾಬ್. ನಾನೂ, ನಮ್ಮ ಮನ್ಯಾಕಿ ಮುನ್ನಿ ಬೀನೂ. ಅಲ್ಲಿ ಮಗಳಿಗಿ ಜೋಡಿ ಮಕ್ಕಳಾಗ್ಯಾವ. ಒಂದು ಮಲಗಿದ್ರ ಇನ್ನೊಂದು ಏಳತದಂತ. ಮನಿ ಬಾಡಿಗಿಗಿ ಕೊಟ್ಟೇವಿ."

"ಯಾವಾಗ ಬರ್ತೀರಿ?"

"ಅವು ಸಾಲಿಗಿ ಹೋಗೋತನಕ ಬಿಡಂಗಿಲ್ಲ ಅಂತಾಳ."

"ಭೇಷ್ ಆತು ಬಿಡ್ರಿ" ಎಂದು ಬಸವಣಪ್ಪ ಗುಟುಕು ಹೀರಿ ನಾಲಿಗೆ ಸುಟ್ಟುಕೊಂಡ. ಕೂಸುಗಳು ಶಾಲೆಗೆ ಹೋಗುವುದೆಂದರೆ ನಾಲ್ಕು ವರ್ಷ. ತನಗೆ ಅರವತ್ತಾರು, ಕರೀಮನಿಗೆ ಅರವತ್ತೆಂಟು.

"ನನ್ನ ಕೊನೀ ಟ್ರಿಪ್ಪಿಗಿ ನೀವ ಇರಲಿಲ್ಲ ನೋಡ್ರಿ" ಎಂದ ಕರೀಂ, ಚಹಾ ಆರಿದಾಗಲೆಲ್ಲ ಅನ್ನುವ ಹಾಗೆ.

ಇದು ಎಂಟು ವರ್ಷದ ಹಳೆಯ ಗಾಯ. ಕರೀಂ ರಿಟೈರ್ ಆದ ದಿನ ಯಾರೋ ಡ್ರೈವರಿಗೆ ಹೊಟ್ಟೆನೋವು ಬಂದು, ಡಿಪೋದವರು ಬಸವಣಪ್ಪನನ್ನು ಭಾಲ್ಕಿ ಬಸ್ಸಿಗೆ ಹಾಕಿಬಿಟ್ಟರು. ಕರೀಂ ತನ್ನ ಕೊನೆಯ ಟ್ರಿಪ್ಪನ್ನು ಮುಖಪರಿಚಯವೂ ಇಲ್ಲದ ಡ್ರೈವರ್ ಜೊತೆ ಮುಗಿಸಿ ಹಾರ ಹಾಕಿಸಿಕೊಂಡು ಮನೆಗೆ ಹೋದ. ಆ ಹೊತ್ತಿಗೆ ಬಸವಣಪ್ಪ ಭಾಲ್ಕಿ ದಾರಿಯಲ್ಲಿ ಪಂಕ್ಚರಾದ ಟೈರಿನ ಮೇಲೆ ಕೂತಿದ್ದ. ಅವತ್ತಿನ ಸಂಕಟ ಅವನಿಗೆ ಇವತ್ತಿಗೂ ಹೋಗಿಲ್ಲ.

"ಆ ಟ್ರಿಪ್ ಬಾಕಿ ಅದ" ಎಂದುಬಿಟ್ಟ. "ಶನಿವಾರ ಬೆಳಿಗ್ಗಿ ಮನಿಗಿ ಬರ್ರಿ. ಹುಮನಾಬಾದಿನಿಂದ ಕಲ್ಯಾಣತನಕ ನಾ ಕರಕೊಂಡು ಹೋಗ್ತೀನಿ. ನಮ್ಮ ಬಸ್ಸಿನಾಗ, ನಮ್ಮ ಹಳೀ ರಸ್ತ್ಯಾಗ."

"ಆ ಹುಡುಗಾಟದ ಬಸ್ಸಿನಾಗ?" ಕರೀಂ ನಕ್ಕ. ನಗುತ್ತಲೇ ಒಪ್ಪಿದ.

ಮಾತು ಕೊಟ್ಟಾಯಿತು. ಬಸ್ಸು ರಾಜೇಶ್ವರ ದಾಟುವುದಿಲ್ಲ. ಕೈಯಲ್ಲಿ ಇರುವುದು ಆರು ದಿನ. ಬಸವಣಪ್ಪ ಮನೆಗೆ ಬಂದವನೇ ಶೀತಲ್‌ಗೆ ಫೋನ್ ಹಚ್ಚಿದ.

ಶೀತಲ್ ಬಸವಕಲ್ಯಾಣದ ಹತ್ತಿರದ ಮಂಠಾಳದ ಹುಡುಗಿ. ಹುಮನಾಬಾದಿನ ಐಟಿಐಗೆ ಎರಡು ವರ್ಷ ಇವನ ಬಸ್ಸಿನಲ್ಲೇ ಓಡಾಡಿ ಕಲಿತವಳು. ಈಗ ಬಸವಕಲ್ಯಾಣದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದಾಳೆ. ಅಂಗಡಿಗೆ ತನ್ನದೇ ಹೆಸರಿನ ಬೋರ್ಡ್ ಹಾಕಿದ್ದಕ್ಕೆ ಬೇಸಿಗೆಯಲ್ಲಿ ಜನ ಕೂಲರ್ ಹೊತ್ತು ತರುತ್ತಾರೆ. ಬೈದುಕೊಳ್ಳುತ್ತಲೇ ಅದನ್ನೂ ರಿಪೇರಿ ಮಾಡಿ ಕಳಿಸುತ್ತಾಳೆ. ಮಂಗಳವಾರ ಬಂದು, ಕಂಪ್ಯೂಟರಿನ ಬಗಲಿನ ತಗಡು ಬಿಚ್ಚಿ, ಟಾರ್ಚ್ ಹಿಡಿದು ಒಳಗೆ ಇಣುಕಿದಳು.

"ಕಾಕಾ, ಇದರ ಪ್ರೊಸೆಸರ್ ಛಲೋ ಅದ್ರಿ. ಓಡೋ ಜಾತಿದು. ಆದ್ರ ಕಂಪನಿಯವರು ಮದರ್‌ಬೋರ್ಡಿಗಿ ಕೀಲಿ ಹಾಕ್ಯಾರ. ಇಷ್ಟ ಓಡು, ಇದರ ಮ್ಯಾಲ ಓಡಬ್ಯಾಡ ಅಂತ."

ಬಸವಣಪ್ಪನ ಮೀಸೆ ನಿಮಿರಿತು. "ಅಂದ್ರ ಗವರ್ನರ್!"

ಗವರ್ನರ್ ಎಂದರೆ ಬೆಂಗಳೂರಿನ ರಾಜಭವನದಲ್ಲಿರುವವರಲ್ಲ. ಬಸ್ಸು ಇಂತಿಷ್ಟೇ ವೇಗದಲ್ಲಿ ಹೋಗಬೇಕೆಂದು ಇಂಜಿನ್ನಿಗೆ ಸೀಲು ಹೊಡೆದು ಕೂರಿಸುವ ಸಾಮಾನು. ಡ್ರೈವರ್ ಎಷ್ಟೇ ಒತ್ತಲಿ, ಅದು ಬಿಡುವುದಿಲ್ಲ. ಅದನ್ನು ಬೈಯದ ಡ್ರೈವರನನ್ನು ನಮ್ಮ ಸೀಮೆಯಲ್ಲಿ ಯಾರೂ ಕಂಡಿಲ್ಲ.

"ಕಿತ್ತಿ ಒಗಿಯವ್ವಾ ಅದನ್ನ!"

"ಕೀಳಾಕ ಬರಂಗಿಲ್ರಿ. ಬೋರ್ಡೇ ಬದಲಿ ಮಾಡಬೇಕು. ಕೀಲಿ ಇಲ್ಲದ ಬೋರ್ಡ್ ಹಾಕಿದ್ರ, ಕಂಪನಿ ಹೇಳಿದ್ದಕ್ಕಿಂತ ಜರಾ ಜಾಸ್ತಿ ಓಡಸಬಹುದು. ಓವರ್‌ಕ್ಲಾಕ್ ಅಂತಾರ. ನಿಮ್ಮ ಆಟ ಹಳೀದು, ಪ್ರೊಸೆಸರ್‌ನಾಗ ನಾಲ್ಕು ಎತ್ತು ಇದ್ರೂ ಒಂದ ಎತ್ತಿಗಿ ನೊಗ ಹಾಕತದ. ಆ ಒಂದು ಎತ್ತು ಜೋರ್ ಓಡಿದ್ರ ನಿಮ್ಮ ಬಸ್ ಓಡತದ." ಆಮೇಲೆ ಸ್ವಲ್ಪ ತಡೆದು, "ಇಲ್ಲಾಂದ್ರ ಒಂದು ಸೋವಿ ದಾರಿ ಅದ. ಅರ್ಧ ಮರ ತೆಗದುಬಿಡ್ರಿ" ಎಂದಳು.

ಅಷ್ಟು ಹೇಳಿದ್ದೇ ತಪ್ಪಾಯಿತು. ಬಸವಣಪ್ಪ ಕುರ್ಚಿ ಬಿಟ್ಟು ಎದ್ದ.

"ರಸ್ತೆ ಮಾಡೋರು ಒಮ್ಮೆ ಕಡದಾರ. ಈಗ ನಾ ಮತ್ತೊಮ್ಮೆ ಕಡೀಲಿ? ಒಂದ್ ಟೊಂಗಿ ಸೈತ ಮುಟ್ಟಂಗಿಲ್ಲ! ಇಂಜಿನ್ ಬದಲಿ ಮಾಡು."

"ಹಂಗಾದ್ರ ಕ್ಯಾಬಿನೆಟ್‌ನೂ ಬದಲಿ ಮಾಡೋಣ್ರಿ. ಈ ಕಂಪನಿ ಡಬ್ಬಿಯೊಳಗ ಬ್ಯಾರೆ ಬೋರ್ಡ್ ಸರಿ ಕೂಡಂಗಿಲ್ಲ."

"ಡಬ್ಬಿ ಅಂದ್ರ ಗಾಡಿಯ ಚೆಸ್ಸಿ ಇದ್ದಂಗ, ಅದು ಹಳೇದ ಇರಬೇಕು. ಇಂಜಿನ್ ಬದಲಾದ್ರ ಗಾಡಿ ಅದೇ ಗಾಡಿ. ಚೆಸ್ಸಿ ಬದಲಾದ್ರ ಅದು ಬ್ಯಾರೇದವರ ಗಾಡಿ. ಆರ್‌ಟಿಓ ಆಫೀಸಿನಾಗ ಕೇಳು ಬೇಕಾದ್ರ."

ಶೀತಲ್ ಹಣೆ ಚಚ್ಚಿಕೊಂಡಳು. ಆದರೂ ಒಪ್ಪಿದಳು. ಎರಡು ವರ್ಷ ಇವನ ಪಕ್ಕದ ಬಾನೆಟ್ ಮೇಲೆ ಕೂತು ಬಂದವಳು. ಈ ಮುದುಕ ಎಲ್ಲಿ ಬ್ರೇಕ್ ಹಾಕುತ್ತಾನೆ, ಎಲ್ಲಿ ಹಾಕುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಹೊಸ ಬೋರ್ಡ್ ಹೈದರಾಬಾದಿನಿಂದ ಬಸ್ಸಿನ ಪಾರ್ಸೆಲ್ಲಿನಲ್ಲೇ ಬಂತು. ಶುಕ್ರವಾರ ಬೆಳಿಗ್ಗೆ ಶೀತಲ್ ಪಡಸಾಲೆಯಲ್ಲಿ ಹಳೆಯ ಪೇಪರ್ ಹಾಸಿ ಕೆಲಸಕ್ಕೆ ಕೂತಳು. ಮಂಗಳವಾರ ಇಣುಕಿದಾಗಲೇ ಅವಳಿಗೆ ಗೊತ್ತಾಗಿತ್ತು, ದೊಡ್ಡ ಹೆಸರಿನವರ ಬುದ್ಧಿ ಎಷ್ಟು ಸಣ್ಣದೆಂದು. ಕರೆಂಟಿನ ಡಬ್ಬಿ, ಅಂದರೆ ಎಸ್‌ಎಂಪಿಎಸ್, ಅದರ ಪ್ಲಗ್ಗು ಲೋಕದ ಯಾವ ಬೋರ್ಡಿಗೂ ಹೊಂದುವುದಿಲ್ಲ. ಹಳೆಯ ಫ್ಯಾನಿನ ಸ್ಕ್ರೂಗಳು ಬೋರ್ಡಿಗಲ್ಲ, ನೇರ ಡಬ್ಬಿಯ ತಗಡಿಗೇ ಬಿಗಿದಿವೆ. ಪವರ್ ಬಟನ್ನಿನ ವೈರುಗಳನ್ನೆಲ್ಲ ಒಂದೇ ಗಂಟು ಮಾಡಿ, ತಾವು ಬಿಟ್ಟರೆ ಬೇರೆ ಯಾರಿಗೂ ಬಿಡಿಸಲು ಬಾರದ ಹಾಗೆ ಕಟ್ಟಿದ್ದಾರೆ. ಹಿಂದಿನ ತೂತುಗಳೂ ಅಷ್ಟೇ. ತಗಡಿನಲ್ಲೇ ಕೊರೆದದ್ದು, ಹೊಸ ಬೋರ್ಡಿನ ಮೂತಿ ಅದರಲ್ಲಿ ತೂರುವುದೇ ಇಲ್ಲ. ಮಾರಿದ ಮೇಲೂ ಮಾಲು ತಮ್ಮದೇ ಎನ್ನುವ ಜನ ಇವರು!

ಶೀತಲ್ ಹೆದರುವವಳಲ್ಲ. ಹೊಸ ಎಸ್‌ಎಂಪಿಎಸ್ಸು, ಹೊಸ ಫ್ಯಾನು ಚೀಲದಲ್ಲೇ ತಂದಿದ್ದಳು. ವೈರಿನ ಗಂಟನ್ನು ಪಿನ್ನಿನಿಂದ ಬಿಡಿಸಿದಳು. ಹಳೆಯ ಬೋರ್ಡಿನಿಂದ ಪ್ರೊಸೆಸರ್ ಎತ್ತಿ ಹೊಸ ಬೋರ್ಡಿಗೆ ಕೂರಿಸಿದಳು. ಅಂಗೈಯ ಗುಂಡಿಯಷ್ಟು ಚೌಕ, ಮೇಲೆ ಫಳಫಳ ಹೊಳೆಯುವ ಲೋಹ. ಅದರ ಬಿಸಿ ಫ್ಯಾನಿಗೆ ಸರಿಯಾಗಿ ಹತ್ತಲೆಂದು ನಡುವೆ ಹಚ್ಚುವ ಬಿಳಿ ಪೇಸ್ಟನ್ನು ಪುಟ್ಟ ಪುಡಿಕೆಯಿಂದ ಹಿಂಡಿ ಹಚ್ಚಿದಳು. ಇನ್ನೇನು ಫ್ಯಾನ್ ಕೂರಿಸಬೇಕು, ಫೋನ್ ಬಂತು. ತಗಡಿನ ಕೆಲಸದ ನರಸಿಂಗ. ಹಿಂದಿನ ತೂತು ಅಗಲ ಮಾಡಿಕೊಡಲು ಅವನಿಗೆ ಹೇಳಿಟ್ಟಿದ್ದಳು.

"ನಾ ಹನ್ನೆರಡಕ್ಕ ಮದುವಿಗಿ ಹೋಗಾಂವ. ಈಗ ತಂದ್ರ ಕೊರದು ಕೊಡ್ತೀನಿ. ಇಲ್ಲಾಂದ್ರ ಸೋಮವಾರ."

ಶೀತಲ್ ಖಾಲಿ ಕ್ಯಾಬಿನೆಟ್ ಬಗಲಿಗೆ ಅವುಚಿಕೊಂಡು ಎದ್ದಳು. "ಕಾಕಾ, ಈ ಬೋರ್ಡಿಗಿ ಕೈ ಹಚ್ಚಬ್ಯಾಡ್ರಿ, ನಾ ಹಿಂಗ ಹೋಗಿ ಹಂಗ ಬಂದೆ" ಎಂದು ಆಟೋ ಹತ್ತಿದಳು.

ಬಸವಣಪ್ಪ ಕೈ ಹಚ್ಚಲಿಲ್ಲ. ಬಹಳ ಹೊತ್ತು ಬೆನ್ನ ಹಿಂದೆ ಕೈ ಕಟ್ಟಿಕೊಂಡು ನೋಡಿದ ಅಷ್ಟೆ. ಹೊಸ ಇಂಜಿನ್ನು! ಮೂವತ್ತೊಂದು ವರ್ಷದಲ್ಲಿ ವಿಭೂತಿ ಹಚ್ಚದೆ ಅವನು ಯಾವ ಇಂಜಿನ್ನಿಗೂ ಚಾವಿ ತಿರುಗಿಸಿದವನಲ್ಲ. ಒಮ್ಮೆ ಡಿಪೋ ಮ್ಯಾನೇಜರ್ ಕೂಗಾಡುತ್ತಿದ್ದರೂ ಅವರನ್ನು ನಿಲ್ಲಿಸಿ, ಮೂರು ಬೆರಳು ಎಳೆದು, ಆಮೇಲೆ ಹತ್ತಿದವನು. ಇಲ್ಲಿ ನೋಡಿದರೆ ಆ ಹೊಳೆಯುವ ಇಂಜಿನ್ನಿನ ಮುಖದ ಮೇಲೆ ಕಾಗೆ ಹಿಕ್ಕೆ ಹಾಕಿದಂತೆ ಬೆಳ್ಳಗೆ ಏನೋ ಮೆತ್ತಿಕೊಂಡಿದೆ! ಹುಡುಗಿ ಗಡಿಬಿಡಿಯಲ್ಲಿ ನೋಡಿಲ್ಲ ಪಾಪ ಎಂದುಕೊಂಡ. ವಿಭೂತಿ ಹಚ್ಚುವುದು ಕೈ ಹಚ್ಚಿದಂತಾಗುವುದಿಲ್ಲ ಎಂಬುದು ಅವನ ಪ್ರಾಮಾಣಿಕ ನಂಬಿಕೆ.

ಒಗೆದ ಮಡಿ ಕರವಸ್ತ್ರದಿಂದ ಆ ಬಿಳಿಯದನ್ನು ಒರೆಸಿದ. ಜಿಗುಟು ಜಿಗುಟಾಗಿತ್ತು; ಬಾಯಿಯ ಹಬೆ ಊದಿ ಮತ್ತೆ ಮತ್ತೆ ಒರೆಸಿ ಕನ್ನಡಿಯಂತೆ ಮಾಡಿದ. ದೇವರ ಜಗುಲಿಯಿಂದ ವಿಭೂತಿ ಗಟ್ಟಿ ತಂದು ಅಂಗೈಯಲ್ಲಿ ನೀರು ಹಾಕಿ ತೇಯ್ದ. ಆ ಪುಟ್ಟ ಚೌಕಕ್ಕೆ ಮೂರು ಬೆರಳು ಹಿಡಿಸುವುದಿಲ್ಲ. ಊದಿನಕಡ್ಡಿಯ ತುದಿಯಿಂದ, ಉಸಿರು ಬಿಗಿ ಹಿಡಿದು ಮೂರು ಗೆರೆ ಎಳೆದ. ಭಕ್ತಿ ಜರಾ ಹೆಚ್ಚಾಗಿ ಮೂರೂ ಗೆರೆ ಕೂಡಿ ಒಂದಾದವು. ಇರಲಿ, ಶಿವನಿಗೆ ತಿಳಿಯುತ್ತದೆ ಎಂದು ಕೈ ಮುಗಿದ.

ಶೀತಲ್ ಬಂದಾಗ ಪ್ರೊಸೆಸರ್ ಮೇಲೆ ಬೆಳ್ಳಗೆ ಇದ್ದದ್ದು ಇದ್ದಂತೆಯೇ ಇತ್ತು. ಅವಳು ಮತ್ತೇಕೆ ನೋಡಿಯಾಳು? ಫ್ಯಾನ್ ಒತ್ತಿ ಕೂರಿಸಿದಳು, ಬೋರ್ಡನ್ನು ಡಬ್ಬಿಯೊಳಗೆ ಇಳಿಸಿ ಸ್ಕ್ರೂ ಬಿಗಿದಳು, ವೈರು ಜೋಡಿಸಿದಳು. ನಾಲ್ಕು ಗಂಟೆಗೆ ಬಟನ್ ಒತ್ತಿದರೆ, ಹೋ, ಕಂಪ್ಯೂಟರ್ ಎದ್ದಿತು! ಸೂಗಮ್ಮ ಸಕ್ಕರೆ ಹಂಚಿದಳು. ಶೀತಲ್ ಬೋರ್ಡಿನ ಸೆಟ್ಟಿಂಗಿನ ನೀಲಿ ಪರದೆಯೊಳಗೆ ಹೋಗಿ ಮೂರೂವರೆ ಇದ್ದ ವೇಗದ ಅಂಕಿಯನ್ನು ನಾಲ್ಕೂಕಾಲಿಗೆ ಏರಿಸಿದಳು.

"ಗವರ್ನರ್ ಕಿತ್ತಾತು ಕಾಕಾ. ಹೊಡೀರಿ ಇನ್ನ."

ಹುಮನಾಬಾದ್ ಬಿಟ್ಟರು. ಬಸ್ಸು ಜುಮ್ಮನೆ ಹೋಯಿತು. ರಾಜೇಶ್ವರ ಬಂತು, ದಾಟಿತು. ಮರದ ಕಮಾನಿನೊಳಗೆ ಬಸ್ಸು ಜಗ್ಗದೆ ಮುಗ್ಗರಿಸದೆ ನುಗ್ಗಿತು. ಎಲೆಗಳ ನೆರಳು ಗಾಜಿನ ಮೇಲೆ ಹರಿಯಿತು. "ಶಾಬಾಸ್!" ಎಂದು ಬಸವಣಪ್ಪ ಕೂಗುವುದಕ್ಕೂ ಪರದೆ ಧಪ್ ಎಂದು ಕಪ್ಪಾಗುವುದಕ್ಕೂ ಸರಿಹೋಯಿತು. ಕಂಪ್ಯೂಟರ್ ಪೂರಾ ಬಂದ್. ಮತ್ತೆ ಹಚ್ಚಿದರು, ಮತ್ತೆ ಅದೇ ಜಾಗಕ್ಕೆ ಬಂದ್. ಮೂರನೇ ಸಲ ರಾಜೇಶ್ವರವನ್ನೂ ಮುಟ್ಟಲಿಲ್ಲ.

ಶೀತಲ್ ಎಸ್‌ಎಂಪಿಎಸ್ ಮೇಲೆ ಸಂಶಯಪಟ್ಟಳು, ವೈರಿನ ಮೇಲೆ ಸಂಶಯಪಟ್ಟಳು, ಹೈದರಾಬಾದಿನಿಂದ ಬೋರ್ಡ್ ಕಳಿಸಿದವನ ಏಳು ತಲೆಮಾರಿನ ಮೇಲೂ ಸಂಶಯಪಟ್ಟಳು. ಪರದೆಯ ಮೇಲೆ ಬಿಸಿಯ ಅಂಕಿ ಏರುತ್ತಿದೆ, ಡಬ್ಬಿಯೊಳಗೆ ಕೈಯಿಟ್ಟು ನೋಡಿದರೆ ಫ್ಯಾನ್ ತಣ್ಣಗಿದೆ. ಹೊಸ ಫ್ಯಾನ್ ತಣ್ಣಗಿದ್ದು ಪ್ರೊಸೆಸರ್ ಕುದಿಯುವುದೆಂದರೇನು? ಅವಳ ಮುಖದಲ್ಲಿ ಬೆವರಿಳಿಯುವುದನ್ನು ನೋಡಿ ಬಸವಣಪ್ಪನಿಗೆ ತನ್ನ ತಪ್ಪು ಹೊಳೆಯಿತು.

"ನಂದೇ ತಪ್ಪವ್ವಾ. ವಿಭೂತಿ ಹಚ್ಚೇನಿ, ಲಿಂಬಿಹಣ್ಣು ಮರತೆ ನೋಡು. ಹೊಸ ಗಾಡಿಗಿ ಲಿಂಬಿಹಣ್ಣು ಬೇಕ ಬೇಕು."

ಶೀತಲ್ ಸ್ಕ್ರೂಡ್ರೈವರ್ ಕೆಳಗಿಟ್ಟಳು. ಬಹಳ ನಿಧಾನವಾಗಿ ಕೇಳಿದಳು: "ವಿಭೂತಿ ಎಲ್ಲಿ ಹಚ್ಚೀರಿ ಕಾಕಾ?"

"ಎಲ್ಲಂದ್ರ? ಇಂಜಿನ್ನಿಗಿ! ಅದರ ಮ್ಯಾಲ ಏನೋ ಹೊಲಸು ಮೆತ್ತಿತ್ತು, ಛಲೋತಂಗ ಒರಸಿ ಹಚ್ಚೇನಿ."

ಫ್ಯಾನ್ ಬಿಚ್ಚಿದರೆ ಒಣಗಿದ ವಿಭೂತಿ ಹಪ್ಪಳದಂತೆ ಎದ್ದು ಬಂತು. ಶೀತಲ್ ಅದನ್ನು ಬೆರಳಲ್ಲಿ ಎತ್ತಿ ನೋಡಿದಳು. ಆಮೇಲೆ ನಗಲು ಶುರು ಮಾಡಿದಳು. ಕೂತು ನಕ್ಕಳು, ಗೋಡೆ ಹಿಡಿದು ನಕ್ಕಳು. ಒಳಗಿನಿಂದ ಓಡಿ ಬಂದ ಸೂಗಮ್ಮ ವಿಷಯ ತಿಳಿದು, "ಪುಣ್ಯಕ್ಕ ತೆಂಗಿನಕಾಯಿ ಒಡೀಲಿಲ್ಲಲ್ಲ ಇದರ ಮ್ಯಾಲ!" ಎಂದಳು. ಬಸವಣಪ್ಪ ಒಬ್ಬನೇ ನಗಲಿಲ್ಲ.

"ಇಂಜಿನ್ ಸೀದು ಹೋಗ್ಯದೇನವ್ವಾ?"

ಶೀತಲ್ ನಗು ನಿಲ್ಲಿಸಿದಳು. "ಗೊತ್ತಿಲ್ರಿ ಕಾಕಾ. ಬಿಸಿ ಜಾಸ್ತಿ ಆದ್ರ ತಾನ ಬಂದ್ ಆಗತದ, ಹಂಗ ಉಳದಿರಬಹುದು. ಮೂರು ಸಲ ಹಚ್ಚೇವಿ ನೋಡ್ರಿ, ಅದ ನನಗ ಹೆದರಿಕಿ. ಇದ್ದ ಪೇಸ್ಟ್ ಅಷ್ಟೂ ಹಚ್ಚಿಬಿಟ್ಟಿದ್ದೆ. ಅಂಗಡ್ಯಾಗ ಅದ. ನಾಳಿ ಮುಂಜಾನಿ ತಂದು ಹಚ್ಚಿದ ಮ್ಯಾಲ ತಿಳೀತದ."

ಅವಳು ಸಂಜೆಯ ಬಸ್ಸು ಹತ್ತಿದಳು. ಬಸವಣಪ್ಪನಿಗೆ ಆ ದಿನ ಊಟ ಸೇರಲಿಲ್ಲ. ಯಾವ ಕೈ ಮೂವತ್ತೊಂದು ವರ್ಷ ಒಂದು ಕೋಳಿಗೂ ಬಸ್ಸು ತಾಗಿಸಿರಲಿಲ್ಲವೋ ಅದೇ ಕೈ ಇವತ್ತು ಗೆಳೆಯನ ಟ್ರಿಪ್ಪಿಗೆ ಅಡ್ಡ ಬಂದಿತ್ತು. ಅವತ್ತು ಡಿಪೋದವರನ್ನು ಬೈದ, ಇವತ್ತು ಯಾರನ್ನು ಬೈಯುವುದು? "ಹೈದರಾಬಾದೇನು ದೂರ ಅಲ್ಲ ಬಿಡ್ರಿ, ನಾಲ್ಕು ತಾಸಿನ ದಾರಿ" ಎಂದಳು ಸೂಗಮ್ಮ, ಗಂಡನ ತಾಟಿನಲ್ಲಿ ರೊಟ್ಟಿ ಹಾಗೇ ಇದ್ದದ್ದು ನೋಡಿ. "ಬಸ್ ಹೋಗತದ. ನಾವು ಹೋಗಂಗಿಲ್ಲ" ಎಂದ ಬಸವಣಪ್ಪ.

ಶನಿವಾರ ಒಂಬತ್ತಕ್ಕೆ ಶೀತಲ್ ಮತ್ತು ಕರೀಂ ಒಂದೇ ಬಸ್ಸಿನಲ್ಲಿ ಬಂದಿಳಿದರು. ದಾರಿಯಲ್ಲಿ ಅವಳು ಕರೀಮನಿಗೆ ಎಲ್ಲ ಹೇಳಿರಬೇಕು. ಅವನು ಹೊಸ್ತಿಲು ದಾಟುವಾಗಲೇ ಹೊಟ್ಟೆ ಹಿಡಿದುಕೊಂಡಿದ್ದ. "ಅರೆ ಡ್ರೈವರ್ ಸಾಬ್, ಇನ್ನ ಊದು ಹಾಕಿ ಲೋಬಾನ ಹಿಡಿಯೋದು ನನ್ನ ಪಾಳಿ ಏನ್ರಿ?" ಎಂದ. ಶೀತಲ್ ವಿಭೂತಿಯ ಕೊನೆಯ ಕಣವನ್ನೂ ಒರೆಸಿ, ಹೊಸ ಪೇಸ್ಟ್ ಹಚ್ಚಿ, ಫ್ಯಾನ್ ಕೂರಿಸುವವರೆಗೂ ಬಸವಣಪ್ಪ ದೂರದ ಗೋಡೆಗೆ ಅಂಟಿಕೊಂಡು ನಿಂತಿದ್ದ. ಎರಡೂ ಕೈ ಬಗಲಲ್ಲಿ.

ಬಟನ್ ಒತ್ತಿದಳು. ಫ್ಯಾನ್ ತಿರುಗಿತು. ಪರದೆ ಕಪ್ಪು. ಆಮೇಲೆ ಬೆಳಕು ಬಂತು. ಶೀತಲ್ ಬಿಸಿಯ ಅಂಕಿ ನೋಡಿದಳು, ವೇಗ ಏರಿಸಿದಳು, ಮತ್ತೆ ನೋಡಿದಳು.

"ತಣ್ಣಗ ಅದ್ರಿ ಕಾಕಾ. ಏನೂ ಆಗಿಲ್ಲ. ಹತ್ರಿ ಗಾಡಿ!"

ಬಸವಣಪ್ಪನ ಕಣ್ಣಲ್ಲಿ ನೀರಾಡಿತು. ಮುಚ್ಚಿಡಲೂ ಹೋಗಲಿಲ್ಲ. ಸ್ಟೇರಿಂಗ್ ಹಿಂದೆ ಕೂತ. ಕರೀಂ ಪಕ್ಕದ ಕುರ್ಚಿಗೆ ಕೂತು, ಗಂಟಲು ಸರಿಮಾಡಿಕೊಂಡು, "ರೈಟ್!" ಎಂದ.

ಹಳ್ಳಿಖೇಡ ಕಡೆಯ ತಿರುವು ಬಿಟ್ಟು ಊರಾಚೆ ಬಂದದ್ದೇ ಕರೀಮನ ನಗು ನಿಂತಿತು. ಪರದೆಯ ಹತ್ತಿರ ಬಾಗಿದ. "ಇದು ಆ ಆಲದಮರ ಅಲ್ಲೇನ್ರಿ? ಅದರ ಕೆಳಗ ಕಬ್ಬಿನ ರಸದ ಗಾಡಿ ಇರ್ತಿತ್ತು. ಅರೆ, ಅದ! ಗಾಡೀನೂ ಇಟ್ಟೀರಿ!" ಒಂದೊಂದು ಮರ ಬಂದಾಗಲೂ ಮಕ್ಕಳಂತೆ ಬೆರಳು ಮಾಡುವುದು, ಅಷ್ಟೆ. ಆದರೆ ಕಂಡಕ್ಟರ್ ಕಂಡಕ್ಟರೇ. ರಾಜೇಶ್ವರಕ್ಕೆ ಬರುವಷ್ಟರಲ್ಲಿ ಕೈಗಡಿಯಾರ ನೋಡಿ ಸಿಡುಕಿದ.

"ಹನ್ನೆರಡು ನಿಮಿಷ ಲೇಟ್! ಎತ್ತಿನ ಬಂಡಿ ಹೊಡಿಯಾಕತ್ತೀರೇನು?"

ಶೀತಲ್‌ಗೂ ಸಹನೆ ಮುಗಿದಿತ್ತು. "ಹೌದ್ರಿ ಕಾಕಾ, ಗವರ್ನರ್ ಕಿತ್ತು ಕೊಟ್ಟೀನಿ. ನೀವು ನೋಡಿದ್ರ ಇಪ್ಪತ್ತರ ಮ್ಯಾಲ ಒತ್ತವಲ್ರಿ. ಇದಕ್ಕ ನಾ ಇಷ್ಟೆಲ್ಲಾ ಯಾಕ ಮಾಡಿದೆ?"

ಬಸವಣಪ್ಪ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ಕಾಲು ಆಕ್ಸಿಲರೇಟರ್ ಮೇಲೆ ಇತ್ತು, ಒತ್ತಲಿಲ್ಲ.

"ಜಲ್ದಿ ಹೋದ್ರ ಜಲ್ದಿ ಮುಟ್ಟತದವ್ವಾ. ಮುಟ್ಟಿದ್ರ ಇವ ಇಳದು ಹೋಗ್ತಾನ."

ಕರೀಂ ಕೈಗಡಿಯಾರದ ಮೇಲೆ ಅಂಗಿಯ ತೋಳು ಎಳೆದುಕೊಂಡ. ಬಸ್ಸು ಮರದ ಕಮಾನಿನೊಳಗೆ ನಿಧಾನವಾಗಿ, ಒಂದು ಸಲವೂ ಜಗ್ಗದೆ ಹೋಯಿತು.

ಸಸ್ತಾಪುರ ಬಂಗ್ಲಾ ಬಂತು. ಹೈವೇ ಬಿಟ್ಟು ಕಲ್ಯಾಣದ ಕಡೆ ತಿರುಗುವ ಜಾಗ. ಇದಾದ ಮೇಲೆ ಕಲ್ಯಾಣವೇ. ಬಸವಣಪ್ಪ ಸ್ಟಾಪಿನಲ್ಲಿ ಬಸ್ಸು ನಿಲ್ಲಿಸಿ ಕಾದ. ಕರೀಂ ರೈಟ್ ಹೇಳಲಿಲ್ಲ. ಒಂದು ನಿಮಿಷವಾಯಿತು, ಎರಡಾಯಿತು.

"ರೈಟ್ ಹೇಳ್ರಿ ಕರೀಂ ಸಾಬ್."

"ನಿಲ್ರಿ" ಎಂದ ಕರೀಂ. ಪರದೆಯ ಕಡೆ ಕೈ ಮಾಡಿದ. "ಆ ಕಡಿಂದ ಒಬ್ಬಾಕಿ ಮುದುಕಿ ಬರಾಕತ್ತಾಳ. ತಲಿ ಮ್ಯಾಲ ಗಂಟದ. ಬಿಟ್ಟು ಹ್ಯಾಂಗ ಹೋಗೋದು?"

ಶೀತಲ್ ಬಾಗಿ ಪರದೆಯನ್ನು ನೋಡಿದಳು. ರಸ್ತೆ ಖಾಲಿ ಇತ್ತು. ಅಲ್ಲಿ ಮುದುಕಿ ಇಲ್ಲ ಎಂಬುದು ಬಸವಣಪ್ಪನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು? ಆ ಸ್ಟಾಪಿನ ಒಂದೊಂದು ಕಲ್ಲನ್ನೂ ಅವನೇ ತಂದಿಟ್ಟವನು. ಅವನು ಹ್ಯಾಂಡ್‌ಬ್ರೇಕ್ ಹಾಕಿದ, ಸ್ಟೇರಿಂಗಿನಿಂದ ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ.

"ಬರಲಿ ಬಿಡ್ರಿ" ಎಂದ. "ವಯಸ್ಸಾದಾಕಿ, ಪಾಪ. ಸಾವಕಾಶ ಬರಲಿ."